ಹಾಸ್ಟೆಲಿನ ಜ್ವರದಿಂದ ಮಲೇರಿಯಾದವರೆಗೆ: ಸೋಂಕು ಹರಡುವ ಲೆಕ್ಕವನ್ನು ಕಟ್ಟುವ ಬಗೆ

ಮಂಗಳೂರಿನಲ್ಲಿ ಮಳೆ ಹಿಡಿದು ಹದಿನೈದು ದಿನವಾಗುವಷ್ಟರಲ್ಲಿ ತರಗತಿಯ ಹಾಜರಿ ಪುಸ್ತಕದಲ್ಲಿ ಜ್ವರ ಕಾಣಿಸತೊಡಗುತ್ತದೆ. ಸೋಮವಾರ ಇಬ್ಬರು ಗೈರು, ಗುರುವಾರ ನಾಲ್ವರು, ಮುಂದಿನ ವಾರ ಹಿಂದಿನ ಎರಡು ಬೆಂಚುಗಳು ಪೂರ್ತಿ ಖಾಲಿ. ಪದವಿ ತರಗತಿಗಳಿಗೆ ಗಣಿತ ಕಲಿಸುವ ನಾನು ಅವಕಲ ಸಮೀಕರಣಗಳ ಪಾಠವನ್ನು ಕೆಲವು ವರ್ಷಗಳಿಂದ ಈ ಹಾಜರಿ ಪುಸ್ತಕದಿಂದಲೇ ಆರಂಭಿಸುತ್ತಿದ್ದೇನೆ. ಸೋಂಕು ಹೇಗೆ ಏರುತ್ತದೆ, ಯಾವಾಗ ಇಳಿಯುತ್ತದೆ, ಎಲ್ಲಿ ಕೈ ಹಾಕಿದರೆ ಬೇಗ ಇಳಿಯುತ್ತದೆ ಎಂಬುದನ್ನು ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಇಷ್ಟರಲ್ಲೇ ಲೆಕ್ಕ ಹಾಕಿ ನೋಡಬಹುದು. ಒಂದು ನೋಟ್‌ಬುಕ್, ಒಂದು ಕ್ಯಾಲ್ಕುಲೇಟರ್ ಇದ್ದರೆ ಸಾಕು. ಎಕ್ಸೆಲ್ ಬಳಸಲು ಬಂದರೆ ಕೆಲಸ ಇನ್ನೂ ಹಗುರವಾಗುತ್ತದೆ. ಮೊದಲು ಹಾಸ್ಟೆಲಿನ ಜ್ವರದ ಲೆಕ್ಕವನ್ನು ಕಟ್ಟಿ, ಅದು ಕೈಗೆ ಹತ್ತಿದ ಮೇಲೆ ನಮ್ಮ ಊರನ್ನು 1990ರ ದಶಕದಿಂದ ಕಾಡುತ್ತ ಬಂದ ಮಲೇರಿಯಾದ ಲೆಕ್ಕಕ್ಕೆ ಹೋಗೋಣ.

ಮೂರು ಕಾಲಂಗಳು

ಒಂದು ಹಾಸ್ಟೆಲಿನಲ್ಲಿ 200 ವಿದ್ಯಾರ್ಥಿಗಳಿದ್ದಾರೆ ಎಂದಿಟ್ಟುಕೊಳ್ಳಿ. ಯಾವುದೇ ದಿನ ಅವರನ್ನು ಮೂರು ಗುಂಪಾಗಿ ವಿಂಗಡಿಸಬಹುದು: ಜ್ವರ ಇನ್ನೂ ತಗಲದವರು, ಈಗ ಸೋಂಕು ಇದ್ದು ಇತರರಿಗೆ ಹರಡುತ್ತಿರುವವರು, ಗುಣವಾಗಿ ಮತ್ತೆ ಆ ಜ್ವರ ಬಾರದಂತಾದವರು. ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು, ಈ ಮೂರು ಗುಂಪಿಗೆ ಮೂರು ಕಾಲಂ ಎಳೆದುಕೊಳ್ಳಿ. ಜಗತ್ತಿನೆಲ್ಲೆಡೆ ಎಸ್‌ಐಆರ್ ಮಾದರಿ ಎಂದು ಕರೆಯುವುದು ಇದನ್ನೇ. 1927ರಲ್ಲಿ ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಎಂಬ ಇಬ್ಬರು ಇದರ ಗಣಿತವನ್ನು ಪ್ರಕಟಿಸಿದಾಗ ಅದನ್ನು ಹೋಲಿಸಿ ನೋಡಲು ಬಳಸಿದ ಅಂಕಿಗಳು ನಮ್ಮ ದೇಶದವೇ ಆಗಿದ್ದವು: 1905ರ ಡಿಸೆಂಬರಿನಿಂದ 1906ರ ಜುಲೈವರೆಗೆ ಮುಂಬಯಿಯಲ್ಲಿ ಪ್ಲೇಗಿನಿಂದ ವಾರವಾರವೂ ಸತ್ತವರ ಸಂಖ್ಯೆ. ಮೆಕೆಂಡ್ರಿಕ್ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಪಾಶ್ಚರ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ವೈದ್ಯರು. ಕರ್ಮ್ಯಾಕ್ 1924ರಲ್ಲಿ ಪ್ರಯೋಗಾಲಯದ ಅವಘಡವೊಂದರಲ್ಲಿ ಎರಡೂ ಕಣ್ಣುಗಳನ್ನು ಕಳೆದುಕೊಂಡವರು. ಮೂರು ವರ್ಷಗಳ ಬಳಿಕ ಹೊರಬಂದ ಆ ಸಮೀಕರಣಗಳನ್ನು ಅವರು ಮನಸ್ಸಿನಲ್ಲೇ ಹಿಡಿದಿಟ್ಟುಕೊಂಡು ದುಡಿದಿರಬೇಕು ಎಂಬುದನ್ನು ನೆನೆದಾಗಲೆಲ್ಲ ನನಗೆ ಆ ಪುಟಗಳ ಮೇಲೆ ಗೌರವ ಹೆಚ್ಚುತ್ತದೆ.

ಗುಂಪಿನಿಂದ ಗುಂಪಿಗೆ ಜನ ಸಾಗುವುದು ಎರಡೇ ಸಂಖ್ಯೆಗಳ ಆಧಾರದಿಂದ. ಮೊದಲನೆಯದು ಹರಡುವ ದರ. ಸುತ್ತಲಿರುವವರೆಲ್ಲ ಜ್ವರ ತಗಲದವರೇ ಆಗಿದ್ದರೆ ಒಬ್ಬ ಸೋಂಕಿತನು ದಿನಕ್ಕೆ ಸರಾಸರಿ ಎಷ್ಟು ಜನಕ್ಕೆ ಜ್ವರ ಹಚ್ಚುತ್ತಾನೆ ಎಂಬುದನ್ನು ಇದು ಹೇಳುತ್ತದೆ. ಪುಸ್ತಕಗಳಲ್ಲಿ ಇದಕ್ಕೆ ಬೀಟಾ ಎನ್ನುತ್ತಾರೆ. ಎರಡನೆಯದು ಗುಣವಾಗುವ ದರ, ಅಂದರೆ ಗಾಮಾ. ಸೋಂಕು ಸರಾಸರಿ 4 ದಿನ ಇರುವುದಾದರೆ ದಿನಕ್ಕೆ ಸೋಂಕಿತರಲ್ಲಿ ನಾಲ್ಕನೇ ಒಂದು ಪಾಲು ಗುಣವಾಗುತ್ತಾರೆ, ಆದ್ದರಿಂದ ಗಾಮಾ 0.25. ನಮ್ಮ ಉದಾಹರಣೆಗೆ ಬೀಟಾ 0.5 ಎಂದು ಇಟ್ಟುಕೊಳ್ಳೋಣ.

ಇನ್ನು ಲೆಕ್ಕದ ಹೃದಯ. ಸೋಂಕಿತನೊಬ್ಬ ಮೆಸ್ಸಿನಲ್ಲಿ ಯಾರ ಪಕ್ಕದಲ್ಲಿ ಕುಳಿತನೋ ಆತ ಆಗಲೇ ಗುಣವಾದವನಾಗಿದ್ದರೆ ಹೊಸ ಸೋಂಕು ಹುಟ್ಟುವುದಿಲ್ಲ; ಇನ್ನೂ ತಗಲದವನಾಗಿದ್ದರೆ ಮಾತ್ರ ಹುಟ್ಟುತ್ತದೆ. ಆದ್ದರಿಂದ ಬೀಟಾವನ್ನು ಸೋಂಕಿತರ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ಒಟ್ಟು ಜನರಲ್ಲಿ ತಗಲದವರ ಪಾಲಿನಿಂದ ಮತ್ತೆ ಗುಣಿಸಬೇಕು.

ಇಂದಿನ ಹೊಸ ಸೋಂಕು = ಬೀಟಾ × ಸೋಂಕಿತರು × ತಗಲದವರು ÷ ಒಟ್ಟು ಜನ
ಇಂದು ಗುಣವಾದವರು = ಗಾಮಾ × ಸೋಂಕಿತರು

ಹೊಸ ಸೋಂಕನ್ನು ಮೊದಲ ಕಾಲಂನಿಂದ ಕಳೆದು ಎರಡನೆಯದಕ್ಕೆ ಕೂಡಿಸಿ. ಗುಣವಾದವರನ್ನು ಎರಡನೆಯದರಿಂದ ಕಳೆದು ಮೂರನೆಯದಕ್ಕೆ ಕೂಡಿಸಿ. ಅದು ನಾಳೆಯ ಸಾಲು. ಇಬ್ಬರು ಸೋಂಕಿತರಿಂದ ಆರಂಭಿಸಿದರೆ ಮೊದಲ ದಿನದ ಹೊಸ ಸೋಂಕು 0.5 × 2 × 198 ÷ 200 = 0.99, ಗುಣವಾದವರು 0.5. ನಾಳೆಯ ಸಾಲಿನಲ್ಲಿ ತಗಲದವರು 197.01, ಸೋಂಕಿತರು 2.49, ಗುಣವಾದವರು 0.5. ಅರ್ಧ ಮನುಷ್ಯ ಗುಣವಾಗುವುದೆಂದರೇನು ಎಂದು ಪ್ರತಿವರ್ಷವೂ ಯಾರಾದರೊಬ್ಬರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು, ಅದಕ್ಕೆ ಮುಂದೆ ಬರುತ್ತೇನೆ. ಸದ್ಯಕ್ಕೆ ಇವು ಸರಾಸರಿಗಳು ಎಂದು ತಿಳಿದು ಮುಂದುವರಿಯಿರಿ. ನನ್ನ ನೋಟ್‌ಬುಕ್ಕಿನಲ್ಲಿ ಬಂದ ಕೆಲವು ಸಾಲುಗಳನ್ನು ಕೊಡುತ್ತೇನೆ, ನಿಮ್ಮದರೊಂದಿಗೆ ತಾಳೆ ನೋಡಿ.

ದಿನ 5: ತಗಲದವರು 190, ಸೋಂಕಿತರು 6, ಗುಣವಾದವರು 4
ದಿನ 10: ತಗಲದವರು 170, ಸೋಂಕಿತರು 15, ಗುಣವಾದವರು 15
ದಿನ 15: ತಗಲದವರು 130, ಸೋಂಕಿತರು 29, ಗುಣವಾದವರು 41
ದಿನ 19: ತಗಲದವರು 94, ಸೋಂಕಿತರು 34, ಗುಣವಾದವರು 72
ದಿನ 30: ತಗಲದವರು 46, ಸೋಂಕಿತರು 12, ಗುಣವಾದವರು 142

ಪ್ರತಿ ಸಾಲಿನ ಮೂರು ಸಂಖ್ಯೆಗಳ ಮೊತ್ತ 200 ಬರಲೇಬೇಕು. ಬಾರದಿದ್ದರೆ ಎಲ್ಲೋ ತಪ್ಪಿದೆ ಎಂದರ್ಥ, ಮತ್ತು ಆ ತಪ್ಪು ಸಾಮಾನ್ಯವಾಗಿ ಒಂದೇ ಜಾಗದಲ್ಲಿರುತ್ತದೆ: ಮೊದಲ ಕಾಲಂ ಅನ್ನು ತಿದ್ದಿದ ಮೇಲೆ, ತಿದ್ದಿದ ಆ ಹೊಸ ಸಂಖ್ಯೆಯನ್ನೇ ಬಳಸಿ ಎರಡನೆಯ ಕಾಲಂ ಲೆಕ್ಕ ಮಾಡಿರುತ್ತೇವೆ. ಇಡೀ ಸಾಲನ್ನು ನಿನ್ನೆಯ ಸಂಖ್ಯೆಗಳಿಂದಲೇ ಕಟ್ಟಬೇಕು. ಎಕ್ಸೆಲ್‌ನಲ್ಲಿ ನಾಲ್ಕನೆಯ ಕಾಲಂ ಒಂದನ್ನು ಮೊತ್ತಕ್ಕೆಂದೇ ಇಟ್ಟುಕೊಂಡರೆ ತಪ್ಪು ಆಗಲೇ ಕಣ್ಣಿಗೆ ಬೀಳುತ್ತದೆ.

ಹೊಸ್ತಿಲು

ಮೇಲಿನ ಸಾಲುಗಳನ್ನು ಇನ್ನೊಮ್ಮೆ ನೋಡಿ. ಸೋಂಕಿತರ ಸಂಖ್ಯೆ 18ನೆಯ ದಿನ ಇನ್ನೂ ಏರುತ್ತಿತ್ತು, 19ರಂದು ನೆತ್ತಿ ಮುಟ್ಟಿತು, 20ರಿಂದ ಇಳಿಯತೊಡಗಿತು. 18ನೆಯ ದಿನ ತಗಲದವರು 103, ಮರುದಿನ 94. ಅಂದರೆ ತಗಲದವರ ಸಂಖ್ಯೆ 100ಕ್ಕಿಂತ ಕೆಳಗಿಳಿದೊಡನೆ ಜ್ವರದ ಏರಿಕೆ ನಿಂತಿತು. ಈ 100 ಎಲ್ಲಿಂದ ಬಂತು? ಬೀಟಾವನ್ನು ಗಾಮಾದಿಂದ ಭಾಗಿಸಿದರೆ 0.5 ÷ 0.25 = 2. ಒಬ್ಬ ಸೋಂಕಿತನು ತನ್ನ ಸೋಂಕಿನ ಅವಧಿಯುದ್ದಕ್ಕೂ ಹಚ್ಚುವವರ ಸಂಖ್ಯೆ ಇದು. ಕೊರೊನಾ ಕಾಲದಲ್ಲಿ ಪತ್ರಿಕೆಗಳಲ್ಲಿ ಆರ್ ನಾಟ್, ಅಂದರೆ ಮೂಲ ಪ್ರಸರಣ ಸಂಖ್ಯೆ, ಎಂದು ಓದಿದ್ದು ಇದನ್ನೇ. ತಗಲದವರು ಅರ್ಧಕ್ಕೆ ಇಳಿದಾಗ ಆ 2 ಎಂಬುದು 1 ಆಗುತ್ತದೆ. ಒಬ್ಬನು ಗುಣವಾಗುವಷ್ಟರಲ್ಲಿ ತನ್ನ ಜಾಗಕ್ಕೆ ಒಬ್ಬನನ್ನೇ ಬಿಟ್ಟು ಹೋಗುತ್ತಾನೆ. ಅದಕ್ಕಿಂತ ಕೆಳಗೆ, ಒಬ್ಬನನ್ನೂ ಪೂರ್ತಿ ಬಿಡುವುದಿಲ್ಲ.

ನಾನು ಇದನ್ನು ಹೊಸ್ತಿಲು ಎಂದು ಕರೆಯುತ್ತೇನೆ. ಮಾದರಿ ಕಟ್ಟುವುದು ನಾಳೆ ಎಷ್ಟು ಜನಕ್ಕೆ ಜ್ವರ ಬರುತ್ತದೆ ಎಂದು ಭವಿಷ್ಯ ನುಡಿಯುವುದಕ್ಕೆ ಎಂದು ಹಲವರು ಭಾವಿಸುತ್ತಾರೆ. ನನ್ನ ಅನುಭವದಲ್ಲಿ ಅದರ ನಿಜವಾದ ಉಪಯೋಗ ಹೊಸ್ತಿಲು ಎಲ್ಲಿದೆ, ನಾವು ಅದರ ಯಾವ ಬದಿಗೆ ಇದ್ದೇವೆ, ದಾಟಲು ಯಾವ ಸಂಖ್ಯೆಯನ್ನು ಎಷ್ಟು ಬದಲಿಸಬೇಕು ಎಂದು ತಿಳಿಯುವುದರಲ್ಲಿದೆ. ಲಸಿಕೆಯ ಲೆಕ್ಕವೂ ಇದೇ. ಮೂಲ ಪ್ರಸರಣ ಸಂಖ್ಯೆ 2 ಆದರೆ ಅರ್ಧದಷ್ಟು ಜನರಿಗೆ ರಕ್ಷಣೆ ಇದ್ದರೆ ಸೋಂಕು ಬೆಳೆಯದು. ದಡಾರದಂತೆ ಅದು 15ರ ಆಸುಪಾಸು ಇದ್ದರೆ 15ರಲ್ಲಿ 14 ಪಾಲು, ಅಂದರೆ ನೂರಕ್ಕೆ 93ಕ್ಕಿಂತ ಹೆಚ್ಚು ಜನರಿಗೆ ರಕ್ಷಣೆ ಬೇಕು. ದಡಾರದ ಲಸಿಕೆಯ ವಿಷಯದಲ್ಲಿ ಆರೋಗ್ಯ ಕಾರ್ಯಕರ್ತೆಯರು ಒಂದು ಮಗುವನ್ನೂ ಬಿಡದೆ ಹುಡುಕಿಕೊಂಡು ಬರುವುದರ ಹಿಂದೆ ಈ ಭಾಗಾಕಾರವಿದೆ.

ಈಗ ಅದೇ ಹಾಸ್ಟೆಲಿನಲ್ಲಿ ಜ್ವರ ಬಂದವರನ್ನು ಬೇರೆ ಕೋಣೆಯಲ್ಲಿ ಇರಿಸಿ, ಊಟವನ್ನು ಅಲ್ಲಿಗೇ ಕಳುಹಿಸುವ ವ್ಯವಸ್ಥೆ ಮಾಡಿದರೆಂದು ಲೆಕ್ಕ ಹಾಕಿ. ಜ್ವರ ಕಾಣಿಸಿಕೊಳ್ಳುವ ಮೊದಲೇ ಸ್ವಲ್ಪ ಹರಡಿರುವುದರಿಂದ ಬೀಟಾ ಸೊನ್ನೆಯಾಗದು, 0.5ರಿಂದ 0.3ಕ್ಕೆ ಇಳಿಯಿತು ಎನ್ನೋಣ. ಈ ವ್ಯವಸ್ಥೆಯನ್ನು 8ನೆಯ ದಿನ, 10-11 ಮಂದಿ ಮಲಗಿರುವಾಗ ಆರಂಭಿಸಿದರೆ ಸೋಂಕಿತರ ಸಂಖ್ಯೆ 11ನ್ನು ದಾಟಿ ಹೆಚ್ಚೇನೂ ಏರದೆ 13ನೆಯ ದಿನದ ಬಳಿಕ ಇಳಿಯುತ್ತದೆ. ಅದನ್ನೇ 14ನೆಯ ದಿನ ಆರಂಭಿಸಿದರೆ ಆಗಲೇ 26 ಮಂದಿ ಮಲಗಿರುತ್ತಾರೆ. ಏನೂ ಮಾಡದಿದ್ದರೆ 34. ಇದನ್ನು ಎಕ್ಸೆಲ್‌ನಲ್ಲಿ ಮಾಡಲು ಬೀಟಾವನ್ನು ಒಂದೇ ಕಡೆ ಬರೆಯದೆ ದಿನಕ್ಕೊಂದರಂತೆ ಕಾಲಂ ಮಾಡಿಟ್ಟುಕೊಳ್ಳಿ. ಯಾವ ದಿನದಿಂದ ಬೇಕೋ ಆ ದಿನದಿಂದ 0.3 ತುಂಬಿದರೆ ಉಳಿದೆಲ್ಲ ಸಾಲುಗಳು ತಾವಾಗಿ ಬದಲಾಗುತ್ತವೆ. ಆ ಆರು ದಿನಗಳ ಬೆಲೆಯನ್ನು ವಿದ್ಯಾರ್ಥಿಗಳು ತಮ್ಮ ಕೈಯಿಂದಲೇ ಲೆಕ್ಕ ಹಾಕಿ ಕಂಡಾಗ ತರಗತಿಯಲ್ಲಿ ಒಂದು ಕ್ಷಣ ಮೌನ ಆವರಿಸುತ್ತದೆ.

ಇನ್ನೊಂದು ಸಂಗತಿ. ಏನೂ ಮಾಡದೆ ಬಿಟ್ಟ ಲೆಕ್ಕವನ್ನು ಕೊನೆಯವರೆಗೆ ಒಯ್ದರೆ ಸುಮಾರು 37 ಮಂದಿಗೆ ಜ್ವರ ತಗಲುವುದೇ ಇಲ್ಲ. ಅವರ ದೇಹಬಲಕ್ಕೂ ಇದಕ್ಕೂ ಸಂಬಂಧವಿಲ್ಲ. ಹಚ್ಚುವವರು ಮುಗಿದುಹೋದದ್ದರಿಂದ ಅವರು ಉಳಿದುಕೊಂಡರು. ದಿನಕ್ಕೊಂದು ಹೆಜ್ಜೆಯ ಬದಲು ಕ್ಷಣಕ್ಷಣದ ಲೆಕ್ಕ ಹಾಕುವ ಅವಕಲ ಸಮೀಕರಣದಿಂದ ಈ ಉತ್ತರ 40 ಬರುತ್ತದೆ. ಹೆಜ್ಜೆ ದೊಡ್ಡದಾದಷ್ಟೂ ಉತ್ತರ ಸರಿಯುತ್ತದೆ ಎಂಬುದಕ್ಕೆ ಆ ಮೂರರ ವ್ಯತ್ಯಾಸವೇ ಸಾಕ್ಷಿ. ಬೀಟಾ ದೊಡ್ಡದಿದ್ದಾಗ ಅರ್ಧ ದಿನ ಅಥವಾ ಕಾಲು ದಿನದ ಹೆಜ್ಜೆ ಇಡಿ. ಆಗ ಬೀಟಾ, ಗಾಮಾ ಎರಡನ್ನೂ ಅದೇ ಪ್ರಮಾಣದಲ್ಲಿ ಕಡಿಮೆ ಮಾಡಲು ಮರೆಯಬಾರದು.

ಸಂಖ್ಯೆಗಳನ್ನು ಎಲ್ಲಿಂದ ತರುವುದು

ಮೇಲೆ ಬೀಟಾವನ್ನು ನಾನೇ ಇಟ್ಟುಕೊಂಡೆ. ನಿಜವಾದ ಜ್ವರಕ್ಕೆ ಅದನ್ನು ದಾಖಲೆಗಳಿಂದ ತೆಗೆಯಬೇಕು. ಬ್ಯಾಂಕಿನ ಬಡ್ಡಿಗೆ ಬಳಸುವ 70ರ ಸೂತ್ರ ಇಲ್ಲೂ ನಡೆಯುತ್ತದೆ. ಆರಂಭದ ದಿನಗಳಲ್ಲಿ ಸೋಂಕಿತರು ಎಷ್ಟು ದಿನಕ್ಕೆ ಎರಡರಷ್ಟಾಗುತ್ತಾರೆ ಎಂದು ನೋಡಿ, 70ನ್ನು ಅದರಿಂದ ಭಾಗಿಸಿದರೆ ದಿನದ ಏರಿಕೆ ಶೇಕಡಾದಲ್ಲಿ ಸಿಗುತ್ತದೆ. ಮೂರು ದಿನಕ್ಕೆ ಎರಡರಷ್ಟಾದರೆ ಏರಿಕೆ ಶೇಕಡಾ 23, ಅಂದರೆ 0.23. ಇದಕ್ಕೆ ಗಾಮಾ 0.25ನ್ನು ಕೂಡಿಸಿದರೆ ಬೀಟಾ 0.48. ಏಕೆ ಕೂಡಿಸಬೇಕೆಂದರೆ, ಕಣ್ಣಿಗೆ ಕಾಣುವ ಏರಿಕೆಯು ಗುಣವಾದವರನ್ನು ಕಳೆದ ಮೇಲೆ ಉಳಿದದ್ದು.

ಆದರೆ ದಾಖಲೆಯನ್ನು ಮೊದಲು ಕಣ್ಣಾರೆ ನೋಡಬೇಕು. ಒಂದು ವರ್ಷ ನನ್ನ ವಿದ್ಯಾರ್ಥಿಗಳು ಹಾಸ್ಟೆಲೊಂದರ ಸಿಕ್ ರೂಮ್ ರಿಜಿಸ್ಟರನ್ನು ಅನುಮತಿ ಪಡೆದು, ಹೆಸರುಗಳನ್ನು ಬಿಟ್ಟು ಸಂಖ್ಯೆಗಳನ್ನು ಮಾತ್ರ ಬರೆದುಕೊಂಡು ತಂದಿದ್ದರು. ಗ್ರಾಫ್ ಎಳೆದರೆ ವಾರಕ್ಕೊಮ್ಮೆ ಸರಿಯಾಗಿ ಸೋಮವಾರ ಒಂದು ಗೋಪುರ ಏಳುತ್ತಿತ್ತು. ಸೋಂಕಿಗೆ ಸೋಮವಾರ ಎಂಬುದಿಲ್ಲ. ರಿಜಿಸ್ಟರಿನ ಪುಟಗಳನ್ನು ತಿರುವಿದಾಗ ಕಾರಣ ತಿಳಿಯಿತು: ಭಾನುವಾರದ ಸಾಲುಗಳೆಲ್ಲ ಖಾಲಿ ಇದ್ದವು, ಬರೆಯುವವರಿಗೆ ಆ ದಿನ ರಜೆ, ಎರಡು ದಿನಗಳ ಜ್ವರ ಒಂದೇ ದಿನದ ಶಾಯಿಯಲ್ಲಿ ಇಳಿದಿತ್ತು. ನಾನು ಅದನ್ನು ಗಮನಿಸದೆ ಶನಿವಾರದಿಂದ ಸೋಮವಾರಕ್ಕೆ ಆದ ಏರಿಕೆಯಿಂದಲೇ ಬೀಟಾ ತೆಗೆದು ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಆ ಸಂಖ್ಯೆಯ ಪ್ರಕಾರ ಇಡೀ ಹಾಸ್ಟೆಲ್ ಹತ್ತು ದಿನದೊಳಗೆ ಮಲಗಬೇಕಿತ್ತು. ಅಂದಿನಿಂದ ಏಳು ದಿನಗಳ ಸರಾಸರಿ ತೆಗೆಯದೆ ಯಾವ ದಾಖಲೆಯನ್ನೂ ಮುಟ್ಟುವುದಿಲ್ಲ. ಜ್ವರ ಆರಂಭವಾದ ದಿನ ಬೇರೆ, ದಾಖಲಾದ ದಿನ ಬೇರೆ. ಸಾಧ್ಯವಿದ್ದಾಗ ಮೊದಲನೆಯದನ್ನೇ ಕೇಳಿ ಬರೆದುಕೊಳ್ಳಿ.

ಇನ್ನೊಂದು ಪರೀಕ್ಷೆಯನ್ನೂ ಮಾಡಿ ನೋಡಬೇಕು. 1978ರಲ್ಲಿ ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಯೊಂದರಲ್ಲಿ ಫ್ಲೂ ಹರಡಿ 763 ಹುಡುಗರಲ್ಲಿ 512 ಮಂದಿ ಹಾಸಿಗೆ ಹಿಡಿದ ದಾಖಲೆ ಈ ಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ದಿನದಿನದ ಏರಿಳಿತಕ್ಕೆ ಮೂರು ಕಾಲಂಗಳ ಮಾದರಿಯನ್ನು ಹೊಂದಿಸಿದರೆ ಮೂಲ ಪ್ರಸರಣ ಸಂಖ್ಯೆ 3ಕ್ಕಿಂತ ಮೇಲೆ ಬರುತ್ತದೆ. ಆದರೆ ಕೊನೆಯಲ್ಲಿ ಎಷ್ಟು ಮಂದಿಗೆ ತಗಲಿತು ಎಂಬುದರಿಂದಲೂ ಅದನ್ನು ತೆಗೆಯಬಹುದು: ಉಳಿದವರ ಪಾಲಿನ ಸ್ವಾಭಾವಿಕ ಲಘುಗಣಕವನ್ನು (ಕ್ಯಾಲ್ಕುಲೇಟರಿನಲ್ಲಿ ln ಗುಂಡಿ) ತಗಲಿದವರ ಪಾಲಿನಿಂದ ಭಾಗಿಸಿ ಋಣಚಿಹ್ನೆಯನ್ನು ಕೈಬಿಡಬೇಕು. ತಗಲಿದವರು 0.67, ಉಳಿದವರು 0.33, ಉತ್ತರ ಸುಮಾರು 1.66. ಒಂದೇ ಜ್ವರಕ್ಕೆ ಎರಡು ಉತ್ತರ! ಇಂತಹ ಕಡೆ ಒಂದನ್ನು ಆರಿಸಿ ಇನ್ನೊಂದನ್ನು ಮರೆಯುವುದು ತಪ್ಪು. ಹಾಸಿಗೆ ಹಿಡಿಯದೆಯೂ ಸೋಂಕು ತಗಲಿದವರು ಇದ್ದಿರಬಹುದು. ಮೊದಲೇ ರಕ್ಷಣೆ ಇದ್ದವರೂ ಇದ್ದಿರಬಹುದು. ಮಲಗಿಸಿದ ಮೇಲೆ ಹರಡುವ ದರವೇ ಬದಲಾಗಿರಬಹುದು. ಯಾವ ಊಹೆ ಮುರಿಯಿತು ಎಂದು ಹುಡುಕುವುದಕ್ಕೆ ಈ ಎರಡು ಉತ್ತರಗಳ ನಡುವಿನ ಅಂತರವೇ ದಾರಿ ತೋರಿಸುತ್ತದೆ.

ಈಗ ಅರ್ಧ ಮನುಷ್ಯನ ಪ್ರಶ್ನೆ. ಸೋಂಕಿತರು ನೂರಾರು ಇದ್ದಾಗ ಸರಾಸರಿ ಸಾಕು. ಇಬ್ಬರೇ ಇದ್ದಾಗ ಅದೃಷ್ಟದ ಪಾತ್ರ ದೊಡ್ಡದು. ಇದನ್ನು ಕಾಣಲು ಆಟಿ ತಿಂಗಳಲ್ಲಿ ಅಟ್ಟದಿಂದ ಇಳಿಸುವ ಚೆನ್ನೆಮಣೆಯ ಮಂಜೊಟ್ಟಿ ಕಾಳುಗಳನ್ನೂ ಒಂದು ದಾಳವನ್ನೂ ತೆಗೆದುಕೊಳ್ಳಿ. ಎರಡು ಕಾಳು ಇಟ್ಟು ದಾಳ ಉರುಳಿಸಿ. 1ರಿಂದ 4 ಬಿದ್ದರೆ ಒಂದು ಕಾಳು ಸೇರಿಸಿ, 5 ಅಥವಾ 6 ಬಿದ್ದರೆ ಒಂದು ತೆಗೆಯಿರಿ. ಹಚ್ಚುವ ದರ 0.5, ಗುಣವಾಗುವ ದರ 0.25 ಆದ್ದರಿಂದ ಮೂರರಲ್ಲಿ ಎರಡು ಸಲ ಹಚ್ಚುವುದು ಮೊದಲಾಗುತ್ತದೆ, ಒಂದು ಸಲ ಗುಣವಾಗುವುದು. ದಾಳ ಹೇಳುವುದು ಅದನ್ನೇ. ತರಗತಿಯಲ್ಲಿ ಇಪ್ಪತ್ತು ಜೋಡಿಗಳು ಆಡಿದರೆ ಸುಮಾರು ಐದು ಜೋಡಿಗಳ ಕಾಳುಗಳು ಬೇಗನೆ ಮುಗಿದುಹೋಗುತ್ತವೆ, ಉಳಿದವರ ಕಾಳುಗಳು ಬೆಳೆಯುತ್ತ ಹೋಗುತ್ತವೆ. ಇಬ್ಬರಿಂದ ಆರಂಭವಾದ, ಪ್ರಸರಣ ಸಂಖ್ಯೆ 2 ಇರುವ ಸೋಂಕು ತಾನಾಗಿ ಆರಿಹೋಗುವ ಸಂಭವ ನಾಲ್ಕರಲ್ಲಿ ಒಂದು. ಹಾಗಾಗಿ ಒಂದು ಹಾಸ್ಟೆಲಿನಲ್ಲಿ ಜ್ವರ ಹರಡದೆ ನಿಂತಿತೆಂದರೆ ಅಲ್ಲಿನ ಕಷಾಯವೋ ಶಿಸ್ತೋ ಅದನ್ನು ನಿಲ್ಲಿಸಿತೆಂದು ಆತುರದಿಂದ ತೀರ್ಮಾನಿಸಬಾರದು.

ಕಾಲಂಗಳು ರೋಗಕ್ಕೆ ತಕ್ಕಂತೆ

ಕೆಪ್ಪಟರಾಯದಂತಹ ರೋಗದಲ್ಲಿ ವೈರಸ್ ಒಳಹೊಕ್ಕ ಎರಡು ಮೂರು ವಾರಗಳ ಮೇಲೆ ಕೆನ್ನೆ ಊದುತ್ತದೆ; ಅಲ್ಲಿ ತಗಲದವರಿಗೂ ಸೋಂಕಿತರಿಗೂ ನಡುವೆ ಇನ್ನೊಂದು ಕಾಲಂ ಬೇಕು. ಮಂಗನ ಕಾಯಿಲೆಗೆ ಈ ಮಾದರಿಯೇ ಸಲ್ಲದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟು 1980ರ ದಶಕದ ಆರಂಭದಲ್ಲಿ ನಮ್ಮ ಬೆಳ್ತಂಗಡಿ ಭಾಗವನ್ನೂ ನಡುಗಿಸಿದ ಆ ರೋಗ ಉಣ್ಣೆಯಿಂದ ಬರುತ್ತದೆ, ಮನುಷ್ಯನಿಂದ ಮನುಷ್ಯನಿಗೆ ಹರಡದು. ಮನುಷ್ಯರ ಮೂರು ಕಾಲಂ ಇಟ್ಟುಕೊಂಡು ಅದಕ್ಕೆ ಬೀಟಾ ಹುಡುಕಿದರೆ ಯಾವುದೋ ಒಂದು ಸಂಖ್ಯೆ ಬಂದೇ ಬರುತ್ತದೆ, ಆದರೆ ಅದಕ್ಕೆ ಅರ್ಥವಿರುವುದಿಲ್ಲ.

ಮಲೇರಿಯಾದಲ್ಲಿ ಸೊಳ್ಳೆಗೂ ಕಾಲಂ ಬೇಕು. ಇದನ್ನು ಮೊದಲು ಲೆಕ್ಕಕ್ಕೆ ಇಳಿಸಿದವರು ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣುವನ್ನು ಕಂಡ ರೊನಾಲ್ಡ್ ರಾಸ್ ಅವರೇ. ಅಲ್ಮೋರಾದಲ್ಲಿ ಹುಟ್ಟಿದ ಅವರು 1883ರಲ್ಲಿ ಬೆಂಗಳೂರಿನಲ್ಲಿ ಸೇನೆಯ ವೈದ್ಯರಾಗಿದ್ದಾಗ, ತಮ್ಮ ಕಿಟಕಿಯ ಬಳಿಯ ತೊಟ್ಟಿಯ ನೀರು ಚೆಲ್ಲಿದೊಡನೆ ಕೋಣೆಯ ಸೊಳ್ಳೆಗಳು ಕಡಿಮೆಯಾದುದನ್ನು ಗಮನಿಸಿದ್ದರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅವರ ಶೋಧ ಫಲಿಸಿತು, 1902ರಲ್ಲಿ ನೊಬೆಲ್ ಬಂತು. ಆದರೆ ಕೊನೆಯ ಸೊಳ್ಳೆಯನ್ನೂ ಕೊಲ್ಲದೆ ಮಲೇರಿಯಾ ಹೋಗದು ಎಂಬ ವಾದಕ್ಕೆ ಉತ್ತರ ಬೇಕಿತ್ತು. ಸೊಳ್ಳೆಗಳ ಸಂಖ್ಯೆ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಸಾಕು, ರೋಗ ತಾನಾಗಿ ಆರುತ್ತದೆ ಎಂದು ಅವರು ಗಣಿತದಿಂದ ತೋರಿಸಿದರು. 1911ರ ತಮ್ಮ ಗ್ರಂಥದಲ್ಲಿ ಅದನ್ನು ವಿಸ್ತಾರವಾಗಿ ಬರೆದರು. ಹಾಸ್ಟೆಲಿನ ಲೆಕ್ಕದಲ್ಲಿ ಕಂಡ ಹೊಸ್ತಿಲೇ ಇಲ್ಲಿಯೂ ಇದೆ.

ನಮ್ಮಲ್ಲಿ ಆ ಸೊಳ್ಳೆ ಎಲ್ಲಿ ಹುಟ್ಟುತ್ತದೆ ಎಂಬುದನ್ನು ನೋಡಲು ಕಟ್ಟಡ ಕಾಮಗಾರಿಯ ಸ್ಥಳಕ್ಕೆ ಹೋಗಬೇಕು. ಹೊಸದಾಗಿ ಕಾಂಕ್ರೀಟ್ ಹಾಕಿದ ತಾರಸಿಯ ಮೇಲೆ ಸಿಮೆಂಟಿನ ಪುಟ್ಟ ದಂಡೆಗಳನ್ನು ಕಟ್ಟಿ ಕ್ಯೂರಿಂಗಿಗೆಂದು ನೀರು ನಿಲ್ಲಿಸಿರುತ್ತಾರೆ. ಒಮ್ಮೆ ಮೇಸ್ತ್ರಿಯ ಒಪ್ಪಿಗೆ ಪಡೆದು ವಿದ್ಯಾರ್ಥಿಗಳೊಂದಿಗೆ ಅಂತಹ ತಾರಸಿಯನ್ನು ಹತ್ತಿ, ಬಿಳಿಯ ಸೌಟಿನಲ್ಲಿ ಆ ನೀರನ್ನು ಎತ್ತಿ ಬಿಸಿಲಿಗೆ ಹಿಡಿದೆವು. ನೀರು ಕುಡಿಯುವಷ್ಟು ತಿಳಿಯಾಗಿತ್ತು. ಅದರ ಮೈಗೆ ಅಂಟಿಕೊಂಡಂತೆ ಅಡ್ಡಡ್ಡ ಮಲಗಿದ ನಾಲ್ಕು ಮರಿಗಳು ಇದ್ದವು. ಚರಂಡಿಯಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಯ ಮರಿ ತಲೆ ಕೆಳಗಾಗಿ ಓರೆಯಾಗಿ ತೂಗುತ್ತದೆ. ಹೀಗೆ ಅಡ್ಡ ಮಲಗುವುದು ಅನಾಫಿಲಿಸ್. ಪಟ್ಟಣದ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫನ್ಸಿ ಬಾವಿ, ಟ್ಯಾಂಕು, ತಾರಸಿಗಳ ತಿಳಿನೀರನ್ನೇ ಬಯಸುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಬೇಕು. ವಾರಕ್ಕೊಮ್ಮೆ ನೀರು ಖಾಲಿ ಮಾಡಿ ಒಣಗಿಸಿ ಎಂದು ಹೇಳುವುದು ಆ ಲೆಕ್ಕದಿಂದ.

ಈಗ ಸೂತ್ರ. ರಾಸ್ ಅವರ ಲೆಕ್ಕವನ್ನು 1950ರ ದಶಕದಲ್ಲಿ ಜಾರ್ಜ್ ಮ್ಯಾಕ್‌ಡೊನಾಲ್ಡ್ ವಿಸ್ತರಿಸಿದರು. ಒಬ್ಬ ರೋಗಿಯಿಂದ ಮುಂದೆ ಎಷ್ಟು ರೋಗಿಗಳಾಗುತ್ತಾರೆ ಎಂಬುದನ್ನು ತಿಳಿಯಲು ಇವನ್ನೆಲ್ಲ ಗುಣಿಸಬೇಕು: ತಲೆಗೆ ಎಷ್ಟು ಸೊಳ್ಳೆ, ಒಂದು ಸೊಳ್ಳೆ ದಿನಕ್ಕೆ ಮನುಷ್ಯನನ್ನು ಎಷ್ಟು ಸಲ ಕಚ್ಚುತ್ತದೆ ಎಂಬುದರ ವರ್ಗ, ಕಚ್ಚಿದಾಗ ಸೊಳ್ಳೆಯಿಂದ ಮನುಷ್ಯನಿಗೆ, ಮನುಷ್ಯನಿಂದ ಸೊಳ್ಳೆಗೆ ರೋಗಾಣು ದಾಟುವ ಸಂಭವಗಳು, ರೋಗಾಣು ಸೊಳ್ಳೆಯೊಳಗೆ ಬಲಿಯುವವರೆಗೆ ಸೊಳ್ಳೆ ಬದುಕಿರುವ ಸಂಭವ. ಬಂದದ್ದನ್ನು ಮನುಷ್ಯ ಗುಣವಾಗುವ ದರದಿಂದಲೂ ಸೊಳ್ಳೆ ಸಾಯುವ ದರದಿಂದಲೂ ಭಾಗಿಸಬೇಕು. ಕಚ್ಚುವಿಕೆಗೆ ವರ್ಗ ಏಕೆಂದರೆ ಒಂದು ಸೊಳ್ಳೆ ರೋಗವನ್ನು ದಾಟಿಸಲು ಎರಡು ಸಲ ಕಚ್ಚಬೇಕು, ಮೊದಲು ರೋಗಿಯನ್ನು, ಆಮೇಲೆ ಇನ್ನೊಬ್ಬನನ್ನು.

ಕೈಲೆಕ್ಕಕ್ಕೆ ನಾನು ಇಟ್ಟುಕೊಳ್ಳುವ ಸಂಖ್ಯೆಗಳು ಇವು, ಮಂಗಳೂರಿನಲ್ಲಿ ಅಳೆದು ತಂದವಲ್ಲ. ತಲೆಗೆ 2 ಸೊಳ್ಳೆ, ದಿನಕ್ಕೆ 0.3 ಕಚ್ಚುವಿಕೆ, ದಾಟುವ ಸಂಭವ ಎರಡೂ ಕಡೆ 0.5, ರೋಗಾಣು ಬಲಿಯಲು 10 ದಿನ, ಮನುಷ್ಯ ಗುಣವಾಗಲು 50 ದಿನ, ಸೊಳ್ಳೆ ಒಂದು ದಿನ ಬದುಕುಳಿಯುವ ಸಂಭವ 0.9. ಹತ್ತು ದಿನ ಬದುಕುವ ಸಂಭವ 0.9ನ್ನು ಹತ್ತು ಸಲ ಗುಣಿಸಿದರೆ 0.349; 0.9ರ ಸ್ವಾಭಾವಿಕ ಲಘುಗಣಕದ ಋಣಚಿಹ್ನೆಯನ್ನು ಕೈಬಿಟ್ಟರೆ ಸಾಯುವ ದರ 0.105. ಉತ್ತರ ಸುಮಾರು 7.5. ಈಗ ಒಂದೊಂದನ್ನೇ ಬದಲಿಸಿ. ಸೊಳ್ಳೆಗಳ ಸಂಖ್ಯೆ ಅರ್ಧವಾದರೆ ಉತ್ತರವೂ ಅರ್ಧ, 3.7. ಸೊಳ್ಳೆಪರದೆಯಿಂದ ಕಚ್ಚುವಿಕೆ ಅರ್ಧವಾದರೆ ವರ್ಗದ ಬಲದಿಂದ ಕಾಲುಭಾಗ, 1.9. ರಕ್ತಪರೀಕ್ಷೆ ಬೇಗ ಮಾಡಿಸಿ ಔಷಧ ಕೊಟ್ಟು 50 ದಿನವನ್ನು 10ಕ್ಕೆ ಇಳಿಸಿದರೆ 1.5. ಸೊಳ್ಳೆಯ ದಿನದ ಬದುಕನ್ನು 0.9ರಿಂದ 0.8ಕ್ಕೆ ಇಳಿಸಿದರೆ, ಹತ್ತು ದಿನ ಬದುಕುವ ಸಂಭವ 0.107ಕ್ಕೆ ಕುಸಿದು, ಸಾಯುವ ದರ 0.223ಕ್ಕೆ ಏರಿ, ಉತ್ತರ 1.1. ಬೆಳೆದ ಸೊಳ್ಳೆಯ ಆಯುಷ್ಯವೇ ಈ ಸೂತ್ರದ ಮರ್ಮಸ್ಥಾನ ಎಂದು ಮ್ಯಾಕ್‌ಡೊನಾಲ್ಡ್ ತೋರಿಸಿದ್ದು ಇದನ್ನೇ. ಯಾವುದೂ ಒಂಟಿಯಾಗಿ 1ರ ಕೆಳಗೆ ಇಳಿಸಲಿಲ್ಲ. ಸೊಳ್ಳೆಗಳನ್ನು ಅರ್ಧ ಮಾಡಿ, ಅದರೊಂದಿಗೆ ಚಿಕಿತ್ಸೆಯನ್ನೂ ಬೇಗ ಮಾಡಿದರೆ 0.75, ಹೊಸ್ತಿಲಿನಿಂದ ಕೆಳಗೆ.

ಮಂಗಳೂರಿಗೆ ಇದನ್ನು ಹೊಂದಿಸುವಾಗ ಎರಡು ತಿದ್ದುಪಡಿ ಬೇಕು. ರೋಗಾಣು ಬಲಿಯುವ ದಿನಗಳು ಬಿಸಿಲಿನ ಮೇಲೆ ನಿಂತಿವೆ. ಮಲೇರಿಯಾ ರೋಗಾಣುಗಳಲ್ಲಿ ಒಂದಾದ ವೈವ್ಯಾಕ್ಸ್‌ಗೆ 105ನ್ನು, ಸೆಲ್ಸಿಯಸ್ ಉಷ್ಣತೆಯಿಂದ 14.5 ಕಳೆದು ಉಳಿದದ್ದರಿಂದ ಭಾಗಿಸಬೇಕು: 25 ಡಿಗ್ರಿಗೆ 10 ದಿನ, 28 ಡಿಗ್ರಿಗೆ ಎಂಟು ದಿನಕ್ಕೂ ಸ್ವಲ್ಪ ಕಡಿಮೆ. ಈ ಎರಡು ದಿನಗಳ ವ್ಯತ್ಯಾಸ ಮೇಲಿನ ಉತ್ತರವನ್ನು ಕಾಲುಭಾಗದಷ್ಟು ಏರಿಸುತ್ತದೆ. ಎರಡನೆಯದು, ನಮ್ಮಲ್ಲಿ ಹೆಚ್ಚಿನ ಪ್ರಕರಣಗಳು ವೈವ್ಯಾಕ್ಸಿನವು. ಅದು ಯಕೃತ್ತಿನಲ್ಲಿ ಅಡಗಿ ಕುಳಿತು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಮರುಕಳಿಸುತ್ತದೆ. ಆದ್ದರಿಂದ ಗುಣವಾದವರ ಕಾಲಂನ ಪಕ್ಕದಲ್ಲಿ ಅಡಗಿದ ಸೋಂಕಿನವರ ಕಾಲಂ ಒಂದನ್ನು ಎಳೆದು, ಅಲ್ಲಿಂದ ಸೋಂಕಿತರ ಕಡೆಗೆ ಸಣ್ಣದೊಂದು ಬಾಣ ಹಾಕಿ. ಯಕೃತ್ತಿನಲ್ಲಿ ಅಡಗಿದ ರೋಗಾಣುವನ್ನು ಕೊಲ್ಲುವ ಪ್ರಿಮಾಕ್ವಿನ್ ಮಾತ್ರೆಯನ್ನು ವೈದ್ಯರು ಹೇಳಿದಂತೆ 14 ದಿನ ಪೂರ್ತಿ ನುಂಗುವವರ ಪಾಲನ್ನು 0.9 ಇಟ್ಟು ಒಮ್ಮೆ, 0.5 ಇಟ್ಟು ಒಮ್ಮೆ ಲೆಕ್ಕ ಓಡಿಸಿ ನೋಡಿ; ಎರಡು ರೇಖೆಗಳು ಮುಂದಿನ ಮಳೆಗಾಲದ ಹೊತ್ತಿಗೆ ಎಷ್ಟು ದೂರ ಸರಿದಿರುತ್ತವೆ ಎಂಬುದನ್ನು ನಾನು ಇಲ್ಲಿ ಹೇಳುವುದಕ್ಕಿಂತ ನೀವೇ ಎಳೆದು ಕಾಣುವುದು ಒಳ್ಳೆಯದು. ಜ್ವರ ಬಿಟ್ಟ ನಾಲ್ಕನೆಯ ದಿನವೇ ಮಾತ್ರೆ ನಿಲ್ಲಿಸುವವರಿಗೆ ತೋರಿಸಲು ಅದಕ್ಕಿಂತ ಸ್ಪಷ್ಟವಾದ ಚಿತ್ರ ನನಗೆ ಸಿಕ್ಕಿಲ್ಲ.

ಕಡೆಯದಾಗಿ, ಗ್ರಾಫನ್ನು ಬೇರೆಯವರ ಕೈಗೆ ಕೊಡುವ ಮುನ್ನ ಮಾಡಬೇಕಾದ ಕೆಲಸವೊಂದಿದೆ. ಪ್ರತಿ ಸಂಖ್ಯೆಯನ್ನು ಒಮ್ಮೆ ಐದನೇ ಒಂದು ಪಾಲು ಹೆಚ್ಚಿಸಿ, ಒಮ್ಮೆ ತಗ್ಗಿಸಿ ಲೆಕ್ಕವನ್ನು ಮತ್ತೆ ಓಡಿಸಿ, ಒಂದು ರೇಖೆಯ ಬದಲು ಮೇಲಿನ ಮತ್ತು ಕೆಳಗಿನ ರೇಖೆಗಳ ನಡುವಿನ ಪಟ್ಟಿಯನ್ನು ಬಿಡಿಸಿ. ಹಾಳೆಯ ಮೂಲೆಯಲ್ಲಿ ಒಟ್ಟು ಜನ, ಬೀಟಾ, ಗಾಮಾ, ಅವು ಎಲ್ಲಿಂದ ಬಂದವು, ಲೆಕ್ಕ ಮಾಡಿದ ದಿನಾಂಕ ಇಷ್ಟನ್ನೂ ಶಾಯಿಯಲ್ಲಿ ಬರೆಯಿರಿ. 2015ರ ಅಕ್ಟೋಬರಿನಿಂದ ಮಂಗಳೂರು ನಗರದಲ್ಲಿ ಮಲೇರಿಯಾ ಪ್ರಕರಣಗಳನ್ನು ಟ್ಯಾಬ್ಲೆಟ್‌ಗಳಲ್ಲಿ ದಾಖಲಿಸಿ ಆಯಾ ಮನೆಯ ಸುತ್ತಲಿನ ನೀರಿನ ತಾಣಗಳನ್ನು ಹುಡುಕುವ ಕ್ರಮ ಬಂದದ್ದರಿಂದ ಈ ಮಾದರಿಗಳಿಗೆ ಬೇಕಾದ ದಿನಾಂಕ ಮತ್ತು ಸ್ಥಳ ಎರಡೂ ಮೊದಲಿಗಿಂತ ಚೆನ್ನಾಗಿ ಸಿಗುವಂತಾಯಿತು. ಮುಂದಿನ ವಾರದ ಅಂಕಿಗಳು ಬಂದಾಗ ಹಳೆಯ ಪಟ್ಟಿಯನ್ನು ಅಳಿಸದೆ ಅದರ ಮೇಲೆಯೇ ಬೇರೆ ಬಣ್ಣದ ಚುಕ್ಕಿಗಳನ್ನು ಇಡಿ, ಪಟ್ಟಿಯ ಹೊರಗೆ ಬಿದ್ದ ಚುಕ್ಕಿಯ ದಿನಾಂಕವನ್ನು ಗುರುತು ಮಾಡಿಕೊಂಡು ರಿಜಿಸ್ಟರಿನ ಆ ಪುಟವನ್ನು ತೆರೆಯಿರಿ.